ಇಂಜಿನ್ನಿನ ಸುತ್ತು ಎಣಿಸುವ ಸೆನ್ಸರು: ಇಳಕಲ್ ದಾರಿಯಲ್ಲಿ ಗಾಡಿ ನಿಲ್ಲುವುದೇಕೆ?

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ವರ್ಷಕ್ಕೆ ಒಂದೆರಡು ಸಲವಾದರೂ ಬಾಗಲಕೋಟೆ ಜಿಲ್ಲೆಯ ಕಡೆಗೆ ಗಾಡಿ ತಿರುಗಿಸುವವರೇ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅಲ್ಲಿಯ ತೋಟಗಾರಿಕೆ ಮೇಳಕ್ಕೆ ಹೋಗುವವರಿದ್ದಾರೆ. ಕಾಫಿ ಕೊಯ್ಲಿಗೆ ಬಯಲುಸೀಮೆಯಿಂದ ಬರುವ ಕುಟುಂಬಗಳನ್ನು ಮಾತನಾಡಿಸಿ ಬರಲು ಹೋಗುವವರಿದ್ದಾರೆ. ಬಾದಾಮಿಯ ಬನಶಂಕರಿ, ಹುನಗುಂದ ಸೀಮೆಯ ಕೂಡಲಸಂಗಮ ನೋಡಿಕೊಂಡು ಇಳಕಲ್ಲಿನಲ್ಲಿ ಸೀರೆ ಕೊಂಡು ಹಿಂದಿರುಗುವ ಮನೆಮಂದಿಯಂತೂ ಇದ್ದೇ ಇದ್ದಾರೆ. ಮಂಗಳೂರಿನಿಂದ ನಮ್ಮ ಮಲೆನಾಡನ್ನು ಹಾದು, ಚಿತ್ರದುರ್ಗ, ಹೊಸಪೇಟೆ, ಇಳಕಲ್ ಮೇಲೆ ಸೊಲ್ಲಾಪುರಕ್ಕೆ ಹೋಗುತ್ತಿದ್ದ ಹೆದ್ದಾರಿಗೆ ಹಿಂದೆ 13 ಎಂಬ ಒಂದೇ ಸಂಖ್ಯೆ ಇತ್ತು. ಈಗ ಅದು ತುಂಡಾಗಿ ಬೇರೆ ಬೇರೆ ಸಂಖ್ಯೆ ಪಡೆದಿದ್ದರೂ (ಚಿತ್ರದುರ್ಗದಿಂದ ಇಳಕಲ್ ಕಡೆಗಿನದು 50), ಹಳಬರ ಬಾಯಲ್ಲಿ ಇನ್ನೂ ಹದಿಮೂರೇ.

ಈ ದಾರಿಯಿಂದ ಹಿಂದಿರುಗಿದವರು ಹೇಳುವ ಒಂದು ದೂರು ನಮ್ಮ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ. ಊರಿನಲ್ಲಿ, ಮಳೆಯಲ್ಲಿ, ಘಾಟಿಯಲ್ಲಿ ಏನೂ ತಕರಾರು ಮಾಡದ ಜೀಪು ಅಥವಾ ಪಿಕಪ್ಪು, ಬೇಸಿಗೆಯಲ್ಲಿ ಹುನಗುಂದದ ಆಚೆ ಈಚೆ ಬಂದಾಗ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೆಮ್ಮುವುದಿಲ್ಲ, ಎಳೆಯುವುದಿಲ್ಲ, ದೀಪ ಆರಿದ ಹಾಗೆ ನಿಲ್ಲುತ್ತದೆ. ಸ್ಟಾರ್ಟರು ಚೆನ್ನಾಗಿ ತಿರುಗುತ್ತದೆ, ಇಂಜಿನ್ನು ಮಾತ್ರ ಹಿಡಿಯುವುದಿಲ್ಲ. ಮರದ ನೆರಳಿನಲ್ಲಿ ಮುಕ್ಕಾಲು ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಒಬ್ಬ ಸದಸ್ಯರಿಗೆ ಮೊದಲು ಡೀಸೆಲ್ ಪಂಪು ಬದಲಾಯಿಸಲಾಯಿತು. ಅದಾದ ಮೇಲೂ ಗಾಡಿ ನಿಂತಾಗ ‘ಕಂಪ್ಯೂಟರೇ ಹೋಗಿದೆ’ ಎಂಬ ಮಾತು ಬಂತು. ಕೊನೆಗೆ ಹೊಸದಾಗಿ ಹಾಕಿಸಬೇಕಾಗಿ ಬಂದದ್ದು ಹೆಬ್ಬೆರಳಿನ ಗಾತ್ರದ, ಒಂದೇ ಬೋಲ್ಟಿನಲ್ಲಿ ಕೂಡುವ ಒಂದು ಸೆನ್ಸರನ್ನು. ಪಂಪಿಗೆ ಕೊಟ್ಟ ಹಣದಲ್ಲಿ ಒಂದು ಋತುವಿನ ಗೊಬ್ಬರ ಬರುತ್ತಿತ್ತು.

ಆ ಸೆನ್ಸರು ಏನು ಮಾಡುತ್ತದೆ, ಅದರ ಮಾತು ನಿಯಂತ್ರಣ ಘಟಕಕ್ಕೆ ಹೇಗೆ ಮುಟ್ಟುತ್ತದೆ ಎಂಬುದನ್ನು ಬೆಳೆಗಾರನೂ ಒಂದಿಷ್ಟು ತಿಳಿದಿರುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ರಿಪೇರಿಯನ್ನು ತಾನೇ ಮಾಡಬೇಕೆಂದಲ್ಲ. ರಿಪೇರಿಯವನು ಹೇಳುವ ಮಾತಿನಲ್ಲಿ ಹುರುಳಿದೆಯೋ ಇಲ್ಲವೋ ಎಂದು ತೂಗಿ ನೋಡುವಷ್ಟು ತಿಳಿದರೆ ಸಾಕು.

ಹಳೆಯ ಇಂಜಿನ್ನಿಗೆ ಇದು ಬೇಡವಾಗಿತ್ತು

ತೋಟದ ಹಳೆಯ ಡೀಸೆಲ್ ಪಂಪ್‌ಸೆಟ್ಟನ್ನು ಬಿಚ್ಚಿ ನೋಡಿದವರಿಗೆ ಗವರ್ನರು ಗೊತ್ತಿರುತ್ತದೆ. ಇಂಜಿನ್ನಿನ ಜೊತೆಯಲ್ಲಿ ತಿರುಗುವ ತೂಕದ ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹಾರಿ, ಸನ್ನೆಕೋಲಿನ ಮೂಲಕ ಎಣ್ಣೆಯನ್ನು ಕಡಿಮೆ ಮಾಡುತ್ತವೆ. ವೇಗ ಇಳಿದರೆ ಒಳಕ್ಕೆ ಸರಿದು ಎಣ್ಣೆಯನ್ನು ಹೆಚ್ಚಿಸುತ್ತವೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಉಪಾಯವೇ ಇದು. ವೇಗವನ್ನು ಅಳೆಯುವುದೂ ಅದಕ್ಕೆ ತಕ್ಕಂತೆ ಎಣ್ಣೆ ಬಿಡುವುದೂ ಒಂದೇ ಕಬ್ಬಿಣದ ಕೆಲಸ. ಎಣ್ಣೆಯನ್ನು ಯಾವ ಕ್ಷಣದಲ್ಲಿ ಚಿಮ್ಮಿಸಬೇಕೆಂಬುದನ್ನು ಗೇರಿನ ಹಲ್ಲುಗಳೇ ತೀರ್ಮಾನಿಸುತ್ತಿದ್ದವು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯ (2008ರಿಂದ ಅದರ ಹೆಸರು ಬಾಷ್) ಪಂಪುಗಳು ನಮ್ಮ ಜೀಪು, ಲಾರಿ, ಟ್ರ್ಯಾಕ್ಟರುಗಳನ್ನು ಹತ್ತಾರು ವರ್ಷ ಹೀಗೆಯೇ ನಡೆಸಿದವು. ಅಂಥ ಗಾಡಿಯ ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ತಳ್ಳಿ ಓಡಿಸಬಹುದಿತ್ತು.

ಹೊಸ ಗಾಡಿಗಳಲ್ಲಿ ಅಳೆಯುವವನು ಬೇರೆ, ತೀರ್ಮಾನಿಸುವವನು ಬೇರೆ, ಕೆಲಸ ಮಾಡುವವನು ಬೇರೆ. ಅಳೆಯುವವನು ಸೆನ್ಸರು. ತೀರ್ಮಾನಿಸುವುದು ಇ.ಸಿ.ಯು. ಎಂದು ಕರೆಯುವ ನಿಯಂತ್ರಣ ಘಟಕ. ಕೆಲಸ ಮಾಡುವುದು ಇಂಜೆಕ್ಟರು. ಇವರ ನಡುವೆ ಇರುವುದು ಗೇರಲ್ಲ, ವೈರು. 1979ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರೊಂದಕ್ಕೆ ಬಾಷ್‌ನವರು ಮೋಟ್ರಾನಿಕ್ ಎಂಬ ಹೆಸರಿನಲ್ಲಿ ಪೆಟ್ರೋಲಿನ ಅಳತೆ ಮತ್ತು ಕಿಡಿಯ ಸಮಯ ಎರಡನ್ನೂ ಒಂದೇ ಗಣಕ ಘಟಕಕ್ಕೆ ಒಪ್ಪಿಸಿದರು. ಡೀಸೆಲ್ ಕಾರುಗಳಿಗೆ ಕಾಮನ್ ರೈಲ್ ಪದ್ಧತಿ ಬಂದದ್ದು 1997ರಲ್ಲಿ. ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ, ಅಂದರೆ 2017ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4 ದೇಶಕ್ಕೆಲ್ಲ ಅನ್ವಯವಾಗಿ, 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದ ಮೇಲೆ, ಹೊಸದಾಗಿ ಕೊಳ್ಳುವ ಪಿಕಪ್ಪಿನಲ್ಲಾಗಲಿ ಕಾರಿನಲ್ಲಾಗಲಿ ಈ ಏರ್ಪಾಡು ಇಲ್ಲದಿರುವುದು ಸಾಧ್ಯವೇ ಇಲ್ಲವಾಗಿದೆ.

ಹಲ್ಲು ಕಳೆದುಕೊಂಡ ಚಕ್ರ

ಪಿಸ್ಟನ್ನುಗಳ ಮೇಲು ಕೆಳಗಿನ ಚಲನೆಯನ್ನು ಸುತ್ತಾಗಿ ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಶಾಫ್ಟು ಎಂದು ಹೆಸರು. ಅದರ ಒಂದು ತುದಿಯಲ್ಲಿ, ಫ್ಲೈವೀಲಿನ ಬಳಿಯಲ್ಲೋ ಮುಂದಿನ ಪುಲ್ಲಿಯ ಬಳಿಯಲ್ಲೋ, ಹಲ್ಲುಗಳುಳ್ಳ ಒಂದು ಉಕ್ಕಿನ ಚಕ್ರ ಇರುತ್ತದೆ. ಬಹಳ ಗಾಡಿಗಳಲ್ಲಿ ಇದನ್ನು 60 ಹಲ್ಲಿನ ಲೆಕ್ಕದಲ್ಲಿ ಮಾಡಿ, ಅದರಲ್ಲಿ ಒತ್ತೊತ್ತಿಗಿರುವ ಎರಡು ಹಲ್ಲನ್ನು ಬೇಕೆಂದೇ ಬಿಟ್ಟಿರುತ್ತಾರೆ. ಉಳಿಯುವುದು 58. ಎರಡು ಹಲ್ಲು ಮುರಿದ ಬಾಚಣಿಗೆಯನ್ನು ದುಂಡಗೆ ಬಗ್ಗಿಸಿದಂತೆ ಎಂದುಕೊಳ್ಳಿ. ಬೇರೆ ಲೆಕ್ಕದ ಚಕ್ರಗಳೂ ಉಂಟು, ಆದರೆ ತತ್ವ ಒಂದೇ.

ಚಕ್ರದ ಹಲ್ಲಿಗೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಸೆನ್ಸರಿನ ಮೂತಿ ನಿಂತಿರುತ್ತದೆ. ಅದು ಚಕ್ರವನ್ನು ಮುಟ್ಟುವುದಿಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಒಳಗೆ ಒಂದು ಅಯಸ್ಕಾಂತ, ಅದಕ್ಕೆ ಅಂಟಿದ ಮೆತು ಕಬ್ಬಿಣದ ಕಡ್ಡಿ, ಕಡ್ಡಿಯ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಹಲ್ಲು ಹತ್ತಿರ ಬರುವಾಗ ಅಯಸ್ಕಾಂತದ ಬಲ ಸುರುಳಿಯಲ್ಲಿ ಹೆಚ್ಚುತ್ತದೆ, ಹಲ್ಲು ದಾಟಿದಾಗ ತಗ್ಗುತ್ತದೆ. ಹೀಗೆ ಬಲ ಏರಿಳಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಹಲ್ಲು ಹತ್ತಿರವಾಗುವಾಗ ಒಂದು ದಿಕ್ಕಿಗೆ, ದೂರವಾಗುವಾಗ ಎದುರು ದಿಕ್ಕಿಗೆ. ಹಲ್ಲಿನ ನಡುಭಾಗ ಸರಿಯಾಗಿ ಮೂತಿಯ ಎದುರಿಗೆ ನಿಂತ ಕ್ಷಣದಲ್ಲಿ ಸೊನ್ನೆ. ಒಂದು ಹಲ್ಲಿಗೆ ಒಂದು ಅಲೆ.

ಇದು ಹೊಸದೇನಲ್ಲ. ಸೈಕಲ್ಲಿನ ಡೈನಮೋ ಮಾಡುತ್ತಿದ್ದುದೂ ಇದನ್ನೇ. ಮೋಟಾರ್ ಸೈಕಲ್ಲಿನ ಮ್ಯಾಗ್ನೆಟ್ಟಿನ ಬಳಿ ‘ಪಲ್ಸರ್ ಕಾಯಿಲ್’ ಎಂದು ಮೆಕ್ಯಾನಿಕ್ಕು ತೋರಿಸುವುದೂ ಇದರ ದಾಯಾದಿಯೇ. ಡೈನಮೋ ಹಾಕಿದ ಸೈಕಲ್ಲನ್ನು ಮೆಲ್ಲಗೆ ತುಳಿದರೆ ದೀಪ ಮಿಣುಕುತ್ತದೆ, ಜೋರಾಗಿ ತುಳಿದರೆ ಬೆಳಗುತ್ತದೆ. ಈ ಸೆನ್ಸರಿನ ಗುಣವೂ ಹಾಗೆಯೇ: ಸ್ಟಾರ್ಟರು ತಿರುಗಿಸುವ ನಿಧಾನ ವೇಗದಲ್ಲಿ ಅದು ಕೊಡುವುದು ಒಂದು ವೋಲ್ಟಿನ ಆಸುಪಾಸು, ಇಂಜಿನ್ನು ಭರದಿಂದ ಓಡುವಾಗ ಹತ್ತಾರು ವೋಲ್ಟು. ಈ ಗುಣವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಿಯಂತ್ರಣ ಘಟಕ ಲೆಕ್ಕ ಹಾಕುವ ರೀತಿ

ಅಲೆಯಂತೆ ಏರಿಳಿಯುವ ಈ ಒತ್ತಡವನ್ನು ಇ.ಸಿ.ಯು. ಮೊದಲು ಮೆಟ್ಟಿಲಿನಂಥ, ಅಂದರೆ ಇದೆ–ಇಲ್ಲ ಎಂಬ ಎರಡೇ ಮಾತಿನ ಸಂಕೇತವಾಗಿ ಮಾರ್ಪಡಿಸಿಕೊಳ್ಳುತ್ತದೆ. ಅಲೆಯ ಎತ್ತರ ಎಷ್ಟಿದ್ದರೂ, ಗುರುತಿಸುವಷ್ಟು ಇದ್ದರೆ ಸಾಕು, ಅದಕ್ಕೆ ಬೇಕಾದುದು ಅಲೆ ಸೊನ್ನೆಯನ್ನು ದಾಟುವ ಕ್ಷಣ. ಎರಡು ದಾಟುಗಳ ನಡುವಿನ ಕಾಲವನ್ನು ಒಳಗಿನ ಗಡಿಯಾರದಿಂದ ಅಳೆದರೆ ವೇಗ ಸಿಕ್ಕಿತು.

ಅರುವತ್ತರ ಲೆಕ್ಕದಲ್ಲಿ ಒಂದು ಸೊಗಸಿದೆ. ನಿಮಿಷಕ್ಕೆ 60 ಸೆಕೆಂಡು, ಚಕ್ರಕ್ಕೆ 60 ಸ್ಥಾನ. ಹೀಗಾಗಿ ಇಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಹಲ್ಲಿನ ಸ್ಥಾನಗಳು ಸೆಕೆಂಡಿಗೆ 800ರಂತೆ ಹಾದುಹೋಗುತ್ತವೆ. 3000 ಸುತ್ತಿದ್ದರೆ ಸೆಕೆಂಡಿಗೆ 3000. ಗುಣಿಸಿ ಭಾಗಿಸುವ ಗೊಡವೆಯೇ ಇಲ್ಲ.

ವೇಗ ತಿಳಿದರೆ ಸಾಲದು, ಪಿಸ್ಟನ್ನು ಎಲ್ಲಿದೆಯೆಂದೂ ತಿಳಿಯಬೇಕು. ಎಲ್ಲ ಹಲ್ಲುಗಳೂ ಒಂದೇ ರೂಪದವಾದರೆ ಯಾವುದು ಮೊದಲನೆಯದು? ಎರಡು ಹಲ್ಲನ್ನು ಬಿಟ್ಟದ್ದು ಇದಕ್ಕಾಗಿಯೇ. ಒಂದೇ ಸಮನೆ ಬರುತ್ತಿದ್ದ ಮಿಡಿತಗಳ ನಡುವೆ ಒಂದು ಕಡೆ ಮಾತ್ರ ಮೂರು ಪಟ್ಟು ಹೊತ್ತು ಖಾಲಿ ಬಿಡುತ್ತದೆ. ಇಳಕಲ್ಲಿನ ನೇಕಾರನು ಹಾಸಿನ ಮೇಲೆ ಬೆರಳಾಡಿಸಿ ಎಳೆ ತಪ್ಪಿದ ಜಾಗವನ್ನು ಕಂಡುಕೊಳ್ಳುವಂತೆ ಇ.ಸಿ.ಯು. ಆ ಖಾಲಿ ಜಾಗವನ್ನು ಹಿಡಿಯುತ್ತದೆ. ಅಲ್ಲಿಂದ ಇಂತಿಷ್ಟನೆಯ ಹಲ್ಲಿಗೆ ಒಂದನೆಯ ಸಿಲಿಂಡರಿನ ಪಿಸ್ಟನ್ನು ತುತ್ತತುದಿಯಲ್ಲಿರುತ್ತದೆ ಎಂಬುದು ಅದಕ್ಕೆ ಮೊದಲೇ ಗೊತ್ತು. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ 6 ಡಿಗ್ರಿ. ಅದಕ್ಕೂ ಸಣ್ಣ ಅಳತೆ ಬೇಕಾದಾಗ ಹಿಂದಿನ ಹಲ್ಲು ದಾಟಲು ಹಿಡಿದ ಹೊತ್ತನ್ನು ಪಾಲು ಮಾಡಿ ನೋಡುತ್ತದೆ. 3000 ಸುತ್ತಿನಲ್ಲಿ ಒಂದು ಡಿಗ್ರಿ ತಿರುಗಲು ಹಿಡಿಯುವುದು ಸೆಕೆಂಡಿನ ಹದಿನೆಂಟು ಸಾವಿರದಲ್ಲಿ ಒಂದು ಭಾಗ! ಡೀಸೆಲನ್ನು ಆ ನಿಖರತೆಯಲ್ಲಿ ಚಿಮ್ಮಿಸಬೇಕಾದ್ದರಿಂದಲೇ ಇಷ್ಟೆಲ್ಲ ಏರ್ಪಾಡು.

ಇನ್ನೊಂದು ತೊಡಕಿದೆ. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಒಂದು ಕೆಲಸ ಪೂರ್ತಿಯಾಗಲು ಕ್ರ್ಯಾಂಕು ಎರಡು ಸುತ್ತು ಹಾಕಬೇಕು. ಪಿಸ್ಟನ್ನು ತುದಿಗೆ ಬರುವುದು ಎರಡು ಸಲ, ಒಮ್ಮೆ ಗಾಳಿಯನ್ನು ಒತ್ತಿಕೊಂಡು, ಒಮ್ಮೆ ಹೊಗೆಯನ್ನು ತಳ್ಳಿಕೊಂಡು. ಇದು ಯಾವ ಸಲ ಎಂದು ಕ್ರ್ಯಾಂಕಿನ ಚಕ್ರ ಹೇಳಲಾರದು. ಅದಕ್ಕಾಗಿ, ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್ ಶಾಫ್ಟಿನ ಬಳಿ ಇನ್ನೊಂದು ಸೆನ್ಸರನ್ನು ಇಟ್ಟಿರುತ್ತಾರೆ. ಚಾವಿ ತಿರುಗಿಸಿದಾಗ ಇಂಜಿನ್ನು ಹಿಡಿಯಲು ತುಸು ಹೊತ್ತು ತಗಲುವುದು ಇದರಿಂದಲೇ. ಇಬ್ಬರ ಸಾಕ್ಷಿಯೂ ತಾಳೆಯಾದ ಮೇಲೆಯೇ ಇ.ಸಿ.ಯು. ಎಣ್ಣೆ ಬಿಡುವುದು. ಕ್ಯಾಮಿನ ಸೆನ್ಸರು ಕೆಟ್ಟರೆ ಅನೇಕ ಗಾಡಿಗಳು ಸ್ಟಾರ್ಟಾಗಲು ಸತಾಯಿಸಿದರೂ ಹೇಗೋ ಓಡುತ್ತವೆ. ಕ್ರ್ಯಾಂಕಿನದು ಮೂಕವಾದರೆ ಸಾಮಾನ್ಯವಾಗಿ ಇಂಜಿನ್ನು ನಿಂತಂತೆಯೇ. ಇಂಜಿನ್ನು ತಿರುಗುತ್ತಿದೆಯೆಂಬ ಸುದ್ದಿಯೇ ಬಾರದಿದ್ದಾಗ ಇ.ಸಿ.ಯು. ಎಣ್ಣೆಯನ್ನು ಬಿಡುವುದಿಲ್ಲ, ಪೆಟ್ರೋಲು ಗಾಡಿಯಾದರೆ ಟ್ಯಾಂಕಿನೊಳಗಿನ ಪಂಪನ್ನೂ ನಿಲ್ಲಿಸಿಬಿಡುತ್ತದೆ. ಅಪಘಾತದಲ್ಲಿ ಇಂಜಿನ್ನು ನಿಂತ ಮೇಲೂ ಪೆಟ್ರೋಲು ಸುರಿಯದಿರಲೆಂದು ಮಾಡಿದ ಏರ್ಪಾಡು ಅದು. ಆದರೆ ‘ಪಂಪು ಓಡುತ್ತಿಲ್ಲ, ಆದ್ದರಿಂದ ಪಂಪೇ ಕೆಟ್ಟಿದೆ’ ಎಂದು ಅವಸರದ ತೀರ್ಪು ಕೊಡುವವರು ಎಡವುವುದೂ ಇಲ್ಲಿಯೇ.

ಮೂರು ವೈರಿನ ಸೆನ್ಸರು

ಈಚಿನ ಗಾಡಿಗಳಲ್ಲಿ ಹಾಲ್ ಸೆನ್ಸರು ಎಂಬ ಇನ್ನೊಂದು ಜಾತಿ ಹೆಚ್ಚಾಗುತ್ತಿದೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ಗುಣದ ಮೇಲೆ ಇದು ನಿಂತಿದೆ. ಇದು ತಾನೇ ವಿದ್ಯುತ್ತು ಹುಟ್ಟಿಸುವುದಿಲ್ಲ. ಒಂದು ವೈರಿನಲ್ಲಿ ಅದಕ್ಕೆ ವಿದ್ಯುತ್ತು ಕೊಡಬೇಕು (ಬಹುತೇಕ 5 ವೋಲ್ಟು, ಕೆಲವಕ್ಕೆ 12), ಇನ್ನೊಂದು ಅರ್ತಿಂಗು, ಮೂರನೆಯದು ಸಂಕೇತದ್ದು. ಸಂಕೇತದ ವೈರಿನ ಮೇಲೆ ಇ.ಸಿ.ಯು. ತಾನೇ ಸಾಧಾರಣವಾಗಿ 5 ವೋಲ್ಟನ್ನು ಇಟ್ಟಿರುತ್ತದೆ. ಹಲ್ಲು ಬಂದಾಗ ಸೆನ್ಸರು ಆ ವೈರನ್ನು ಅರ್ತಿಂಗಿಗೆ ಸೇರಿಸಿ ಸೊನ್ನೆ ಮಾಡುತ್ತದೆ, ಹಲ್ಲು ಹೋದಾಗ ಬಿಟ್ಟುಬಿಡುತ್ತದೆ. ಯಾರೋ ಸ್ವಿಚ್ಚನ್ನು ಹಾಕಿ ಆರಿಸಿ ಮಾಡುತ್ತಿದ್ದಂತೆ. ಎಷ್ಟೇ ನಿಧಾನವಾಗಿ ತಿರುಗಿದರೂ ಸಂಕೇತದ ಬಲ ಕುಂದುವುದಿಲ್ಲ. ದುರ್ಬಲ ಬ್ಯಾಟರಿಯಲ್ಲೂ ಅದು ಸ್ಪಷ್ಟವಾಗಿ ಮಾತನಾಡುತ್ತದೆ. ಆದರೆ ಸಂಕೇತದ ವೈರು ತುಂಡಾದರೆ ಇ.ಸಿ.ಯು.ಗೆ ಸದಾ 5 ವೋಲ್ಟು, ಉಜ್ಜಿ ಚಾಸಿಗೆ ತಗುಲಿದರೆ ಸದಾ ಸೊನ್ನೆ ಕಾಣುತ್ತದೆ. ಬದಲಾವಣೆಯೇ ಇಲ್ಲದಿದ್ದರೆ ಎಣಿಸುವುದೇನನ್ನು?

ಕಪ್ಲಿಂಗಿನಲ್ಲಿ ಎರಡು ವೈರಿದ್ದರೆ ಸುರುಳಿಯ ಜಾತಿ, ಮೂರಿದ್ದರೆ ಹಾಲ್ ಜಾತಿ ಎಂದು ಸ್ಥೂಲವಾಗಿ ತಿಳಿಯಬಹುದು. ಕೆಲವು ಸುರುಳಿಯ ಸೆನ್ಸರುಗಳಲ್ಲೂ ಮೂರನೆಯದೊಂದು ಇರುತ್ತದೆ. ಅದು ವೈರುಗಳ ಮೇಲೆ ಹೊದಿಸಿದ ಜಾಲರಿಯ ಕವಚದ್ದು. ಆದ್ದರಿಂದ ವೈರು ಎಣಿಸಿಯೇ ನಿರ್ಧಾರಕ್ಕೆ ಬರದೆ ಗಾಡಿಯ ಪುಸ್ತಕವನ್ನು ನೋಡಬೇಕು.

ಬಿಸಿಲು ಮಾಡುವ ಕಿತಾಪತಿ

ಹುನಗುಂದದ ದಾರಿಗೆ ಬರೋಣ. ಸುರುಳಿಯ ತಂತಿ ಕೂದಲಿನಂತೆ ತೆಳುವು ಎಂದೆವಷ್ಟೆ. ವರ್ಷಗಟ್ಟಲೆ ಕಾದು ಆರಿ, ಅದುರಿ, ಎಲ್ಲೋ ಒಂದು ಕಡೆ ಸೂಕ್ಷ್ಮವಾಗಿ ಬಿರಿದಿರುತ್ತದೆ. ತಣ್ಣಗಿದ್ದಾಗ ಬಿರಿದ ತುದಿಗಳು ಮುಟ್ಟಿಕೊಂಡೇ ಇದ್ದು ಕೆಲಸ ನಡೆಯುತ್ತದೆ. ಕಾದಾಗ ಸುತ್ತಲಿನ ಪ್ಲಾಸ್ಟಿಕ್ಕೂ ತಾಮ್ರವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ತುದಿಗಳು ಅಗಲುತ್ತವೆ. ಸಂಕೇತ ನಿಂತಿತು, ಇಂಜಿನ್ನೂ ನಿಂತಿತು. ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಹಾಲ್ ಸೆನ್ಸರಿನ ಒಳಗಿನ ಬೆಸುಗೆ ಸಡಿಲವಾದಾಗಲೂ ಇದೇ ಕಥೆ.

ಮಲೆನಾಡಿನ ಹವೆಯಲ್ಲಿ, ಸಣ್ಣ ದೂರದ ಓಡಾಟದಲ್ಲಿ, ಈ ದೋಷ ಮುಖ ತೋರಿಸದೆ ತಿಂಗಳುಗಟ್ಟಲೆ ಅಡಗಿರಬಹುದು. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಾದರೋ 40 ಡಿಗ್ರಿ ಮುಟ್ಟಿ ದಾಟುವಂಥದು. ಹೊಸಪೇಟೆಯಿಂದ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದ ಗಾಡಿಯ ಬಾನೆಟ್ಟಿನ ಒಳಗೆ ಕೈಯಿಡಲಾಗದು. ಅಡಗಿದ್ದ ದೋಷ ಇಲ್ಲಿ ಹೊರಬೀಳುತ್ತದೆ. ಊರಿಗೆ ಹಿಂದಿರುಗಿ ಗ್ಯಾರೇಜಿಗೆ ಒಯ್ದರೆ ‘ಏನೂ ಇಲ್ಲವಲ್ಲ ಸ್ವಾಮಿ’ ಎಂಬ ಉತ್ತರ. ಅವರು ಹೇಳುವುದೂ ಸುಳ್ಳಲ್ಲ, ಆ ತಂಪಿನಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಕೆಲವರು ಒಗಟಿನಂತೆ ಹೇಳುವುದುಂಟು. ಹುನಗುಂದದಲ್ಲಿ ಚಹಾ ಕುಡಿಯಲು ಕಾಲು ಗಂಟೆ ನಿಲ್ಲಿಸಿದರೆ ಗಾಡಿ ಏಳುವುದಿಲ್ಲ. ಬಾದಾಮಿಯಲ್ಲಿ ನಾಲ್ಕು ಗುಹೆಗಳನ್ನೂ ಅಗಸ್ತ್ಯತೀರ್ಥವನ್ನೂ ನೋಡಿ ಎರಡು ತಾಸು ಬಿಟ್ಟು ಬಂದರೆ ಒಂದೇ ಚಾವಿಗೆ ಏಳುತ್ತದೆ. ಇದರಲ್ಲಿ ಬನಶಂಕರಿಯ ಪವಾಡವೇನೂ ಇಲ್ಲ. ಓಡುತ್ತಿರುವಾಗ ಫ್ಯಾನಿನ ಗಾಳಿ, ರೇಡಿಯೇಟರಿನ ನೀರು ಇಂಜಿನ್ನಿನ ಕಾವನ್ನು ಹೊರಕ್ಕೆ ಒಯ್ಯುತ್ತಿರುತ್ತವೆ. ಇಂಜಿನ್ನು ಆರಿಸಿದೊಡನೆ ಅವೆರಡೂ ನಿಂತು, ಒಳಗಿನ ಕಬ್ಬಿಣದ ಕಾವೆಲ್ಲ ಸುತ್ತಲಿನ ಭಾಗಗಳಿಗೆ ಹರಡುತ್ತದೆ. ಹೀಗಾಗಿ ಮೊದಲ ಕಾಲು, ಅರ್ಧ ಗಂಟೆ ಸೆನ್ಸರು ಓಡುವಾಗಿಗಿಂತಲೂ ಹೆಚ್ಚು ಕಾಯುತ್ತದೆ. ಆಮೇಲೆಯೇ ಆರುವುದು. ಅದರ ಮೇಲೆ, ಸ್ಟಾರ್ಟರಿನ ನಿಧಾನ ವೇಗದಲ್ಲಿ ಸುರುಳಿಯ ಸಂಕೇತವೇ ಕ್ಷೀಣ ಎಂಬುದನ್ನು ಹಿಂದೆ ಹೇಳಿದ್ದೇವೆ. ಎರಡೂ ಸೇರಿದರೆ ಗಾಡಿ ಏಳದಿರುವುದರಲ್ಲಿ ಆಶ್ಚರ್ಯವಿಲ್ಲ. ಬ್ಯಾಟರಿಯೂ ಹಳೆಯದಾಗಿದ್ದರೆ ಮುಗಿದೇ ಹೋಯಿತು.

ಹಾಗೆಂದು ಕಾದಾಗ ನಿಲ್ಲುವ ಗಾಡಿಗೆಲ್ಲ ಸೆನ್ಸರೇ ಕಾರಣವೆಂದು ಹಟ ಹಿಡಿಯಬಾರದು. ಪಂಪು, ರಿಲೇ, ಡೀಸೆಲ್ ಸಾಲಿನ ಗಾಳಿ ಇವೂ ಬಿಸಿಯಲ್ಲಿ ತಕರಾರು ಮಾಡುವುದುಂಟು. ಸಂಶಯವನ್ನು ಸೆನ್ಸರಿನ ಕಡೆಗೆ ತಿರುಗಿಸುವ ಒಂದು ಗುರುತು ಇದೆ: ಸ್ಟಾರ್ಟರು ತಿರುಗುತ್ತಿರುವಾಗ ಇಂಜಿನ್ ಸುತ್ತಿನ ಮುಳ್ಳನ್ನು ನೋಡಬೇಕು. ಅನೇಕ ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಮೇಲೇಳುತ್ತದೆ, ಏಕೆಂದರೆ ಆ ಮುಳ್ಳಿಗೂ ಸುದ್ದಿ ಬರುವುದು ಇದೇ ಸೆನ್ಸರಿನಿಂದ, ಇ.ಸಿ.ಯು. ಮೂಲಕ. ಎಂದೂ ಏಳುತ್ತಿದ್ದ ಮುಳ್ಳು ಅಂದು ಸತ್ತಂತೆ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರು ಅಥವಾ ಅದರ ವೈರನ್ನೇ ಮೊದಲು ನೋಡಿಸಬೇಕು. ಮುಳ್ಳು ಏಳುತ್ತಿದ್ದು ಇಂಜಿನ್ನು ಮಾತ್ರ ಹಿಡಿಯದಿದ್ದರೆ ಪಂಪಿನ ಕಡೆ ತಿರುಗಬಹುದು.

ಇದಕ್ಕಿಂತ ಖಚಿತವಾದುದು ಸ್ಕ್ಯಾನರು. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಅದನ್ನು ಜೋಡಿಸಿದರೆ ದೋಷದ ಸಂಖ್ಯೆ ಓದಬಹುದು. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸಾಲಿನ ದೋಷ, ಪಿ 0336 ಎಂದರೆ ಸಂಕೇತ ಬರುತ್ತಿದ್ದರೂ ಅದರ ಲೆಕ್ಕ ತಾಳೆಯಾಗುತ್ತಿಲ್ಲ, ಪಿ 0340 ಎಂದರೆ ಕ್ಯಾಮ್ ಸೆನ್ಸರಿನ ಸಾಲು. ಇವು ‘ಸೆನ್ಸರು ಬದಲಾಯಿಸು’ ಎಂಬ ಆಜ್ಞೆಗಳಲ್ಲ. ಆ ಸಾಲಿನಲ್ಲಿ ಸೆನ್ಸರು, ವೈರು, ಕಪ್ಲಿಂಗು ಎಲ್ಲವೂ ಸೇರಿವೆ. ಸುರುಳಿಯ ಸೆನ್ಸರಾದರೆ ಕಪ್ಲಿಂಗು ಬಿಚ್ಚಿ ಮೀಟರಿನಿಂದ ಓಮು ನೋಡಬಹುದು. ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸಿನಲ್ಲಿರುತ್ತದೆ. ತಣ್ಣಗಿದ್ದಾಗ ಸರಿಯಾಗಿ ತೋರಿಸಿ ಕಾದಾಗ ಮೀಟರು ಏನನ್ನೂ ತೋರಿಸದಿದ್ದರೆ ಕಳ್ಳ ಸಿಕ್ಕಂತೆ. ಹಾಲ್ ಸೆನ್ಸರಿಗೆ ಮಾತ್ರ ಓಮು ಹಿಡಿಯಬಾರದು, ಅದರಿಂದ ಏನೂ ತಿಳಿಯುವುದಿಲ್ಲ, ಸೆನ್ಸರಿಗೇ ಕೆಡುಕಾಗಬಹುದು. ಅದಕ್ಕೆ ವಿದ್ಯುತ್ತು ಬರುತ್ತಿದೆಯೇ, ಅರ್ತಿಂಗು ಸರಿಯಿದೆಯೇ ಎಂದು ನೋಡುವುದೇ ಕ್ರಮ.

ಕೆಲವು ಮೆಕ್ಯಾನಿಕ್ಕುಗಳು ಸೆನ್ಸರಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ ಸ್ಟಾರ್ಟು ಮಾಡಿ ನೋಡುತ್ತಾರೆ. ಪರೀಕ್ಷೆಗೆ ಅದು ತಪ್ಪಲ್ಲ. ಆದರೆ ಬಾನೆಟ್ಟು ತೆಗೆದು ಬಿಂದಿಗೆಯಿಂದ ನೀರು ಸುರಿಯುವುದು ಬೇಡ. ಕೆಂಡದಂತಿರುವ ಸೈಲೆನ್ಸರಿನ ಮೂಲದ ಮೇಲೆ, ಟರ್ಬೋದ ಮೇಲೆ ತಣ್ಣೀರು ಬಿದ್ದರೆ ಬೀಡು ಬಿರಿಯಬಹುದು.

ನಮ್ಮ ಊರಿನ ಶತ್ರುಗಳು

ಬಿಸಿಲು ದೋಷವನ್ನು ಬಯಲಿಗೆ ಎಳೆಯುತ್ತದೆ ಅಷ್ಟೆ, ಅದನ್ನು ಬಿತ್ತುವುದು ಅನೇಕ ವೇಳೆ ನಮ್ಮ ಊರಿನಲ್ಲಿಯೇ. ಮೊದಲನೆಯದು ಇಲಿ. ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಗಾಡಿಯ ಬೆಚ್ಚನೆಯ ಇಂಜಿನ್ನು ಅದಕ್ಕೆ ಅರಮನೆ. ವೈರಿನ ಹೊದಿಕೆ ಕಡಿದರೂ ಒಳಗಿನ ತಂತಿ ತುಂಡಾಗದೆ ಉಳಿದು, ತೇವದಲ್ಲಿ ಹಸಿರುಗಟ್ಟಿ, ಆರು ತಿಂಗಳ ಮೇಲೆ ಕೈಕೊಡುತ್ತದೆ. ಎರಡನೆಯದು ನಮ್ಮ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ನೀರಿನ ಡ್ರಮ್ಮು ಪಿಕಪ್ಪಿನಲ್ಲಿ ತುಳುಕುತ್ತದೆ. ಅದು ಕಬ್ಬಿಣವನ್ನು ತಿನ್ನುವ ಪರಿಯನ್ನು ಡ್ರಮ್ಮಿನ ತಳ ನೋಡಿದವರಿಗೆ ಹೇಳಬೇಕಿಲ್ಲ. ಪೊಟ್ಯಾಷ್ ಗೊಬ್ಬರದ ಪುಡಿಯೂ ಉಪ್ಪಿನ ಜಾತಿಯದೇ, ತೇವ ಹೀರಿ ಕಪ್ಲಿಂಗಿನ ಪಿನ್ನುಗಳನ್ನು ತಿನ್ನುತ್ತದೆ. ಮೂರನೆಯದು, ಕೆಸರು ತೊಳೆಯಲೆಂದು ಔಷಧಿ ಹೊಡೆಯುವ ಪಂಪಿನ ಗನ್ನಿನಿಂದಲೇ ಇಂಜಿನ್ನಿಗೆ ನೀರು ಬಿಡುವ ಪದ್ಧತಿ. ಕಪ್ಲಿಂಗಿನ ರಬ್ಬರು ಮಳೆಯ ಸಿಂಚನವನ್ನು ತಡೆದೀತು, ಆ ರಭಸವನ್ನು ತಡೆಯಲಾರದು.

ಇಳಕಲ್ಲಿನ ಗ್ರಾನೈಟು ಗಣಿಗಳ ಧೂಳು ಸೆನ್ಸರಿಗೆ ಅಂಟಿ ಕೆಡಿಸುತ್ತದೆಂದು ಹೇಳುವುದನ್ನೂ ಕೇಳಿದ್ದೇವೆ. ಅಯಸ್ಕಾಂತದ ಮೂತಿಯನ್ನು ಹಿಡಿಯುವುದು ಕಲ್ಲಿನ ಪುಡಿಯಲ್ಲ, ಕಬ್ಬಿಣದ ಪುಡಿ. ಸ್ಟಾರ್ಟರಿನ ಹಲ್ಲು, ಕ್ಲಚ್ಚು ಸವೆದು ಉದುರುವ ಕಬ್ಬಿಣದ ಪುಡಿ ಮೂತಿಗೆ ಮೀಸೆಯಂತೆ ಬೆಳೆದು, ಹಲ್ಲು ಮತ್ತು ಸಂದಿನ ನಡುವಿನ ವ್ಯತ್ಯಾಸವನ್ನು ಮಸುಕು ಮಾಡುತ್ತದೆ. ಕ್ಲಚ್ಚು ಬದಲಾಯಿಸಲು ಗೇರ್‌ಬಾಕ್ಸು ಇಳಿಸಿದಾಗ ಸೆನ್ಸರನ್ನೂ ತೆಗೆದು ಮೂತಿಯನ್ನು ಬಟ್ಟೆಯಿಂದ ಒರೆಸಿ, ಚಕ್ರದ ಹಲ್ಲು ಬಾಗಿದೆಯೇ ಎಂದು ಕಣ್ಣಾಡಿಸಿ ಹಾಕಿದರೆ ಎರಡು ನಿಮಿಷದ ಕೆಲಸ.

ದಾರಿಯಲ್ಲಿ ನಿಂತಾಗ

ಓಡುತ್ತಿರುವ ಗಾಡಿಯ ಇಂಜಿನ್ನು ನಿಂತರೆ ಪವರ್ ಸ್ಟಿಯರಿಂಗು ಕಲ್ಲಿನಂತಾಗುತ್ತದೆ. ಬ್ರೇಕಿಗೆ ನೆರವು ಕೊಡುವ ಬೂಸ್ಟರಿನಲ್ಲಿ ಒಂದೆರಡು ತುಳಿತಕ್ಕೆ ಸಾಲುವಷ್ಟು ಮಾತ್ರ ಬಲ ಉಳಿದಿರುತ್ತದೆ. ಆದ್ದರಿಂದ ಬ್ರೇಕನ್ನು ಪಂಪು ಹೊಡೆದಂತೆ ಮತ್ತೆ ಮತ್ತೆ ತುಳಿಯದೆ, ಒಂದೇ ಸಲ ಗಟ್ಟಿಯಾಗಿ ಒತ್ತಿಹಿಡಿದು ಗಾಡಿಯನ್ನು ಎಡಕ್ಕೆ ತರಬೇಕು. ಚಾವಿಯನ್ನು ಪೂರ್ತಿ ತಿರುಗಿಸಿ ತೆಗೆಯಬಾರದು, ಸ್ಟಿಯರಿಂಗು ಬೀಗ ಬಿದ್ದೀತು. ಈ ಹೆದ್ದಾರಿಯಲ್ಲಿ ಕಲ್ಲಿನ ದಿಮ್ಮಿ ಹೇರಿದ ಲಾರಿಗಳು ಹಿಂದಿನಿಂದ ಬರುತ್ತಿರುತ್ತವೆ. ಅವು ಥಟ್ಟನೆ ನಿಲ್ಲಲಾರವು. ಒಮ್ಮೆ ಹೀಗೆ ನಿಂತ ಗಾಡಿಯನ್ನು ‘ಆರಿದ ಮೇಲೆ ಹೋಗುತ್ತದಲ್ಲ’ ಎಂದು ಹಾಗೆಯೇ ಓಡಿಸುವುದನ್ನು, ಅದರಲ್ಲಿಯೂ ಹಿಂದೆ ಕೊಯ್ಲಿನ ಆಳುಗಳನ್ನು ಕೂರಿಸಿಕೊಂಡು ಓಡಿಸುವುದನ್ನು ನಾವು ಒಪ್ಪಲಾರೆವು. (ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ಕೂರಿಸುವುದೇ ಕಾಯಿದೆಗೆ ವಿರುದ್ಧವೆಂಬ ಮಾತು ಬೇರೆ ಇದೆ.) ಮುಂದಿನ ಸಲ ಅದು ಲಾರಿಯೊಂದನ್ನು ಹಿಂದೆ ಹಾಕುವ ನಡುವೆಯೇ ನಿಲ್ಲಬಹುದು.

ದೂರ ಹೊರಡುವವರು, ಗಾಡಿ ಐದಾರು ವರ್ಷಕ್ಕಿಂತ ಹಳೆಯದಾಗಿದ್ದರೆ, ಅದೇ ಮಾದರಿಯ ಒಂದು ಸೆನ್ಸರನ್ನು ಪಾನದ ಜೊತೆ ಡಬ್ಬಿಯಲ್ಲಿಟ್ಟುಕೊಂಡು ಹೋಗುವುದು ಲೇಸು. ನಿಯಂತ್ರಣ ಘಟಕದ ಬೆಲೆಯ ಎದುರಿಗೆ ಅದರ ಬೆಲೆ ಏನೇನೂ ಅಲ್ಲ. ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಗೆ ಹೊಸದನ್ನು ತಾಳೆ ನೋಡಿ ಕೊಳ್ಳಬೇಕು. ನೋಡಲು ಒಂದೇ ತರಹ ಇದ್ದು ಮೂತಿ ಅರ್ಧ ಮಿಲಿಮೀಟರ್ ಗಿಡ್ಡವಾದರೂ ಅಂತರ ಹೆಚ್ಚಿ ಸಂಕೇತ ಕುಂದುತ್ತದೆ. ಉದ್ದವಾದರೆ ಹಲ್ಲಿಗೆ ತಗುಲಿ ಚೂರಾಗುತ್ತದೆ.

ಇನ್ನು ವೈರು ತುಂಡಾಗಿದ್ದು ದಾರಿಯಲ್ಲಿಯೇ ಕೂಡಿಸಬೇಕಾಗಿ ಬಂದರೆ, ಇಳಕಲ್ಲಿನಂಥ ಲಾರಿಗಳ ಊರಿನಲ್ಲಿ ಎಲೆಕ್ಟ್ರಿಷಿಯನ್ನರಿಗೆ ಬರವಿಲ್ಲ. ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದುದು ಇಷ್ಟು. ಸುರುಳಿಯ ಸೆನ್ಸರಿನ ಎರಡು ವೈರುಗಳು ಅದಲು ಬದಲಾಗಬಾರದು. ದೀಪದ ವೈರಿನಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯದು. ಅಲೆ ತಲೆಕೆಳಗಾಗಿ, ಹಲ್ಲಿನ ನಡುವಿನಲ್ಲಿ ಬರಬೇಕಾದ ಗುರುತು ಸಂದಿನ ನಡುವಿಗೆ ಸರಿಯುತ್ತದೆ. ಅರುವತ್ತರ ಚಕ್ರದಲ್ಲಿ ಅದು 3 ಡಿಗ್ರಿಯ ತಪ್ಪು, ಜೊತೆಗೆ ಖಾಲಿ ಜಾಗವನ್ನು ಹಿಡಿಯುವುದೂ ತಪ್ಪಬಹುದು. ಗಾಡಿ ಏಳದೆ ಇರಬಹುದು, ಎದ್ದರೂ ಎಳೆಯದೆ ಇರಬಹುದು. ಎರಡು ವೈರುಗಳನ್ನು ಕಾರ್ಖಾನೆಯವರು ಹುರಿ ಹೊಸೆದಂತೆ ಒಂದಕ್ಕೊಂದು ಸುತ್ತಿರುತ್ತಾರೆ. ಆಲ್ಟರ್ನೇಟರಿನಂಥ ನೆರೆಯವರ ಗದ್ದಲ ಎರಡಕ್ಕೂ ಸಮನಾಗಿ ಬಿದ್ದು ಕಳೆದುಹೋಗಲೆಂದು. ಕೂಡಿಸಿದ ಮೇಲೂ ಹಾಗೆಯೇ ಹೊಸೆಯಬೇಕು. ಜಾಲರಿಯ ಕವಚವಿದ್ದರೆ ಅದನ್ನು ಮೊದಲಿದ್ದಂತೆ ಒಂದೇ ತುದಿಯಲ್ಲಿ ಅರ್ತಿಂಗಿಗೆ ಸೇರಿಸಬೇಕು, ಎರಡೂ ತುದಿಗಲ್ಲ. ಬೆಸುಗೆ ಹಾಕಿ ಮೇಲೆ ತೋಳು ಏರಿಸಿದ್ದಾದರೆ ಊರು ಮುಟ್ಟಿದ ಮೇಲೂ ನಡೆಯುತ್ತದೆ. ಬರಿದೆ ತಿರುಚಿ ಟೇಪು ಸುತ್ತಿದ್ದಾದರೆ ಮೊದಲ ಮಳೆಗೆ ಮುಂಚೆಯೇ ಬಿಚ್ಚಿಸಿ ಸರಿಮಾಡಿಸಿಕೊಳ್ಳಬೇಕು.